ದಯಾಮರಣದ ಚರ್ಚೆಗೆ ಗಡಿನಾಡಿನಿಂದ ಒಂದು ಕಾಗದ

ಮಾನ್ಯ ಸಂಪಾದಕರೇ,

ಕೆಲವು ವಾರಗಳಿಂದ ನಿಮ್ಮ ಓದುಗರ ಅಂಕಣದಲ್ಲಿ ದಯಾಮರಣದ ಬಗ್ಗೆ ಪತ್ರಗಳು ಬರುತ್ತಿವೆ. ಹಾಸಿಗೆ ಹಿಡಿದವರಿಗೆ ಒಂದು ಇಂಜೆಕ್ಷನ್ ಕೊಟ್ಟು ಬಿಡುಗಡೆ ಮಾಡುವುದೇ ಪುಣ್ಯ ಅಂತ ಒಬ್ಬರು ಬರೆದರು. ಅದು ಮಹಾಪಾಪ ಅಂತ ಇನ್ನೊಬ್ಬರು. ಇಬ್ಬರೂ ಅಂಥ ಹಾಸಿಗೆಯ ಹತ್ತಿರ ಕೂತು ಬರೆದ ಹಾಗೆ ನನಗೆ ಕಾಣಲಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ 34 ವರ್ಷ ಅಂಚೆ ಹಂಚಿದವನು. ಈಗ ನಿವೃತ್ತ. ಪೆನ್ಷನ್ ಮನಿ ಆರ್ಡರ್ ಹಿಡಿದುಕೊಂಡು ಗುಡ್ಡ ಹತ್ತಿ, ತೋಡು ದಾಟಿ ಮನೆ ಮನೆಗೆ ಹೋಗುತ್ತಿದ್ದೆ. ಹಾಸಿಗೆಯಿಂದ ಏಳಲಾಗದವರ ಹೆಬ್ಬೆಟ್ಟು ಬೇಕಾದರೆ ಒಳಕೋಣೆಗೇ ಹೋಗಬೇಕು. ಕೈ ಎತ್ತಲೂ ಆಗದವರ ಬೆರಳನ್ನು ನಾನೇ ಹಿಡಿದು ಶಾಯಿ ಪ್ಯಾಡಿಗೆ ಒತ್ತಿದ್ದೇನೆ. ಹಾಗಾಗಿ ನಮ್ಮೂರಿನ ಒಳಕೋಣೆಗಳ ಪರಿಚಯ ಡಾಕ್ಟರುಗಳಿಗಿಂತ ನನಗೆ ಸ್ವಲ್ಪ ಜಾಸ್ತಿಯೇ ಇದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಿಮ್ಮ ಪತ್ರಲೇಖಕರಲ್ಲಿ ಹೆಚ್ಚಿನವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ. ಸಾಯಲೆಂದೇ ಇಂಜೆಕ್ಷನ್ ಕೊಡುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ನೆದರ್ಲೆಂಡ್ಸ್‌ನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ ಅದಕ್ಕೆ ಕಾನೂನು ಇದೆ, ಇಲ್ಲಿ ಇಲ್ಲ. ಇಲ್ಲಿ ಇರುವುದು ಬೇರೆ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್, ಟ್ಯೂಬು ಬೇಡ ಎನ್ನುವ ಹಕ್ಕು. ಇದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ಹೇಳಿತು. ಪ್ರಜ್ಞೆ ಸರಿಯಿರುವಾಗಲೇ ಇದನ್ನು ಬರೆದಿಟ್ಟರೆ ಅದು ಲಿವಿಂಗ್ ವಿಲ್. ಈ ಹಾದಿಯ ಹಿಂದೆ ನಮ್ಮ ಕಡೆಯ ಹೆಣ್ಣುಮಗಳೊಬ್ಬಳ ಕಥೆ ಇದೆ. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ್. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅವರ ಮೇಲೆ ಹಲ್ಲೆಯಾಯಿತು. 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ದಯಾಮರಣ ಬೇಡ, ನಾವು ನೋಡಿಕೊಳ್ಳುತ್ತೇವೆ ಅಂದವರು ಅಲ್ಲಿನ ನರ್ಸುಗಳು. 2011ರಲ್ಲಿ ಕೋರ್ಟು ಅವರ ಮಾತನ್ನೇ ಎತ್ತಿಹಿಡಿಯಿತು. ಆದರೆ ಬೇರೆಯವರ ವಿಷಯದಲ್ಲಿ ಚಿಕಿತ್ಸೆ ನಿಲ್ಲಿಸುವ ಬಾಗಿಲನ್ನು ಅದೇ ತೀರ್ಪಿನಲ್ಲಿ ಸ್ವಲ್ಪ ತೆರೆಯಿತು.

ಇನ್ನು ನಮ್ಮ ಮನೆಯ ಕಥೆ.

ಅಪ್ಪ ಹೋದದ್ದು 2014ರಲ್ಲಿ, 81ನೇ ವಯಸ್ಸಿನಲ್ಲಿ. ಮೊದಲೇ ಎರಡು ಸಲ ಸ್ಟ್ರೋಕ್ ಆಗಿತ್ತು. ಮೂರನೆಯದಕ್ಕೆ ಮಂಗಳೂರಿಗೆ ಓಡಿದೆವು. ಕಾಸರಗೋಡಿನ ನಾವು ಸೀಕು ಅಂದರೆ ಓಡುವುದು ಮಂಗಳೂರಿಗೇ ಅಲ್ವಾ. ಆಂಬುಲೆನ್ಸಿನಲ್ಲಿ ಅಪ್ಪನಿಗೆ ಇನ್ನೂ ಮಾತಿತ್ತು. "ಎನಗೆ ಸಾಕು, ಮನೆಗೆ ಹೋಪ" ಅಂದರು. ನಾನು ಕೇಳಿಸಿಕೊಂಡೆ, ಕೇಳದ ಹಾಗೆ ಕೂತೆ. ಆಮೇಲೆ 13 ದಿನ ಐಸಿಯು. ಬಾಯಿಯೊಳಗೆ ವೆಂಟಿಲೇಟರಿನ ಕೊಳವೆ. ಅದನ್ನು ಕಿತ್ತು ಹಾಕಬಾರದು ಅಂತ ಎರಡೂ ಕೈಗಳನ್ನು ಮಂಚಕ್ಕೆ ಬ್ಯಾಂಡೇಜಿನಲ್ಲಿ ಕಟ್ಟಿದ್ದರು. ದಿನಕ್ಕೆ ಎರಡು ಸಲ ಐದೈದು ನಿಮಿಷ ನೋಡಲು ಬಿಡುತ್ತಿದ್ದರು. ಇನ್ನು ಆಸೆ ಇದೆಯಾ ಅಂತ ಕೇಳಿದರೆ ಒಬ್ಬ ಡಾಕ್ಟರು ಮೇಲೆ ಕೈ ತೋರಿಸಿದರು, ಇನ್ನೊಬ್ಬರು ಹೊಸ ಸ್ಕ್ಯಾನ್ ಬರೆದರು. ನಿಲ್ಲಿಸಬಹುದು ಅಂತ ಯಾರೂ ಹೇಳಲಿಲ್ಲ, ನಮಗೂ ಕೇಳಲು ಗೊತ್ತಿರಲಿಲ್ಲ. ಕೊನೆಗೆ ದುಡ್ಡು ಮುಗಿಯಿತು. ಡಾಕ್ಟರ ಸಲಹೆ ಮೀರಿ ಕರೆದುಕೊಂಡು ಹೋಗುತ್ತಿದ್ದೇವೆ, ಏನಾದರೂ ಆದರೆ ನಾವೇ ಹೊಣೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ ಕಾಗದಕ್ಕೆ ನಾನೇ ಸಹಿ ಹಾಕಿದೆ. ಸಾವಿರಾರು ರಿಜಿಸ್ಟರ್ಡ್ ಪತ್ರಗಳಿಗೆ ಜನರ ಸಹಿ ಹಾಕಿಸಿದವನು ನಾನು. ಆ ಒಂದು ಸಹಿಗೆ ನನ್ನ ಕೈ ನಡುಗಿತು. ಗಡಿಯ ಸಾರಡ್ಕ ದಾಟುವ ಮೊದಲೇ ಅಪ್ಪ ಹೋದರು. ಬಾಯಿಗೆ ತುಳಸಿ ನೀರು ಬಿಡುವುದಕ್ಕೂ ಆಗಲಿಲ್ಲ, ಕೊಳವೆ ಇತ್ತು.

ಆ ಸಹಿಯ ಬಗ್ಗೆ ಬಹಳ ವರ್ಷ ನನಗೆ ಪಾಪಪ್ರಜ್ಞೆ ಇತ್ತು. ಅಪ್ಪನನ್ನು ನಾನೇ ಕೊಂದೆನಾ ಅಂತ. ಕೊಂದದ್ದು ಕಾಯಿಲೆ. ನಾನು ಮಾಡಿದ ತಪ್ಪು ಬೇರೆ. ಆಂಬುಲೆನ್ಸಿನಲ್ಲಿ ಅವರು ಹೇಳಿದ್ದನ್ನು 13 ದಿನ ತಡವಾಗಿ ತಲುಪಿಸಿದೆ.

ಅಮ್ಮನದ್ದು ಇನ್ನೊಂದು ಬಗೆ. 2019ರ ಕೊನೆಗೆ ಅವಳ ಎಡಗೆನ್ನೆಯೊಳಗೆ ಹುಣ್ಣು ಕಂಡಿತು. ಕ್ಯಾನ್ಸರ್. ಅರವತ್ತು ವರ್ಷ ಎಲೆಅಡಿಕೆ, ಹೊಗೆಸೊಪ್ಪು ಜಗಿದವಳು. ಅಡಿಕೆ ನಮ್ಮದೇ ತೋಟದ್ದು. (ಅಡಿಕೆಯ ಮಾತೆತ್ತಿದರೆ ನಿಮಗೆ ಬೇರೆ ಪತ್ರಗಳ ರಾಶಿಯೇ ಬರುತ್ತದೆ ಅಂತ ಗೊತ್ತು. ಇರಲಿ.) ಮಂಗಳೂರಿನಲ್ಲಿ ರೇಡಿಯೇಶನ್ ಶುರುವಾಗಿತ್ತು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಲಾಕ್‌ಡೌನ್. ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. ಆಗ ತಲಪಾಡಿ ದಾಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತದ್ದು ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಅಮ್ಮನ ರೇಡಿಯೇಶನ್ ಅರ್ಧಕ್ಕೆ ನಿಂತಿತು.

ಆ ಏಪ್ರಿಲ್‌ನ ಒಂದು ರಾತ್ರಿ ಅಮ್ಮ ನನ್ನ ಕೈ ಹಿಡಿದು "ಎಂತಾರೂ ಕೊಟ್ಟು ಮುಗುಶು ಮಗ" ಅಂದಳು. ನಿಮ್ಮ ಪತ್ರಲೇಖಕರು ಯಾವುದನ್ನು ದಯಾಮರಣದ ಕೋರಿಕೆ ಅನ್ನುತ್ತಾರೋ, ಅದೇ. ಆ ರಾತ್ರಿ ನನ್ನನ್ನು ಯಾರಾದರೂ ಕೇಳಿದ್ದರೆ ಹೌದು, ಇಂಜೆಕ್ಷನ್ ಕೊಡಿ ಅನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ಪ್ಯಾಲಿಯೇಟಿವ್ ಸಿಸ್ಟರನ್ನು ಕರೆದುಕೊಂಡು ಬಂದಳು. ಕೇರಳದಲ್ಲಿ ಇದೊಂದು ಏರ್ಪಾಡಿದೆ. ಗುಣವಾಗದ ಕಾಯಿಲೆಯವರನ್ನು ಮನೆಗೇ ಬಂದು ನೋಡಲು ಪಂಚಾಯತಿನ ಕಡೆಯಿಂದ ನರ್ಸ್, ಜೀಪು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ಸಣ್ಣದಾಗಿ ಶುರು ಮಾಡಿದ್ದು. 2008ರಲ್ಲಿ ಸರಕಾರ ಇದಕ್ಕೊಂದು ನೀತಿಯನ್ನೇ ಮಾಡಿತು, ದೇಶದಲ್ಲಿ ಮೊದಲು. ಮನೆ ಮನೆಗೆ ಮನಿ ಆರ್ಡರ್ ಕೊಂಡುಹೋದವನಿಗೆ ಮನೆ ಮನೆಗೆ ಮದ್ದು ಕೊಂಡುಹೋಗುವವರ ಕಷ್ಟ ಬೇಗ ಅರ್ಥವಾಗುತ್ತದೆ.

ಸಿಸ್ಟರ್ ಮಲಯಾಳಿ. ಕನ್ನಡ ಅಷ್ಟಕ್ಕಷ್ಟೆ. ಅವಳು "ವೇದನ ಉಂಡೋ" ಅಂದರೆ ಅಮ್ಮ "ಬೇನೆ, ಬೇನೆ" ಅನ್ನುತ್ತಿದ್ದಳು. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳುವುದು ಅವರ ಕ್ರಮ. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮನಿಗೆ ಆ ಲೆಕ್ಕ ಹಿಡಿಯಲೇ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ "ಹದಿನಾರಾಣೆ" ಅಂದಳು. ಅಂದರೆ ಪೂರ್ತಿ ಒಂದು ರೂಪಾಯಿ. ಸಿಸ್ಟರಿಗೆ ವಿವರಿಸಿದೆ, ಅವಳು ನಕ್ಕು ಪುಸ್ತಕದಲ್ಲಿ 10 ಅಂತ ಬರೆದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ನೋವಿನ ಲೆಕ್ಕ ಆಣೆಯಲ್ಲೇ ನಡೆಯಿತು.

ಸರಕಾರಿ ಡಾಕ್ಟರು ಮಾರ್ಫಿನ್ ಗುಳಿಗೆ ಬರೆದರು. ನಾಲ್ಕು ಗಂಟೆಗೊಮ್ಮೆ. ರಾತ್ರಿ ಮಲಗುವಾಗ ಎರಡು ಪಟ್ಟು, ನಡುವೆ ಏಳಿಸುವುದು ಬೇಡ ಅಂತ. ಜೊತೆಗೆ ಮಲಬದ್ಧತೆಗೆ ಬೇರೆ ಮದ್ದು, ಅದನ್ನು ಬಿಡಲೇಬಾರದು ಅಂತ ಸಿಸ್ಟರಿನ ಕಟ್ಟಪ್ಪಣೆ. ಗಡಿಯ ಆಚೆ ಇರುವ ತಂಗಿ ಫೋನಿನಲ್ಲಿ ಜಗಳವಾಡಿದಳು. ಅಮಲಿನ ಮದ್ದು ಕೊಟ್ಟು ಅಮ್ಮನನ್ನು ಬೇಗ ಕಳಿಸುತ್ತೀಯಾ ಅಂತ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ, ನೋವನ್ನು ದೂರ ಇಡುತ್ತದೆ ಅಂತ ಡಾಕ್ಟರೇ ಅವಳಿಗೆ ಫೋನಿನಲ್ಲಿ ಹೇಳಬೇಕಾಯಿತು. ಮಾರ್ಫಿನ್ ದುಬಾರಿ ಮದ್ದೂ ಅಲ್ಲ. ಆದರೆ 1985ರ ಮಾದಕ ವಸ್ತು ಕಾನೂನಿನ ಹೆದರಿಕೆಗೆ ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರಲ್ಲಿ ಆ ಕಾನೂನನ್ನು ಸಡಿಲಿಸಿದರು, ಅಪ್ಪ ಹೋದ ವರ್ಷವೇ.

ನಾಲ್ಕನೇ ದಿನ ಅಮ್ಮ "ಇಂದು ನಾಲ್ಕಾಣೆ" ಅಂದಳು. ಸಂಜೆ ಗಂಜಿಯ ತಿಳಿ ಕೇಳಿದಳು. ಅದಕ್ಕೆ ಮಾವಿನ ಮಿಡಿಯ ರಸ ಒಂದು ತೊಟ್ಟು ಹಾಕು ಅಂದಳು. ಹುಣ್ಣು ಉರಿಯುತ್ತದೆ ಅಂತ ನನ್ನ ಹೆಂಡತಿ ಹಾಕಲಿಲ್ಲ, ಅದಕ್ಕೆ ಅತ್ತೆಯಿಂದ ಬೈಸಿಕೊಂಡಳು. ಮುಗಿಸು ಅಂದವಳು ಉಪ್ಪಿನಕಾಯಿಗಾಗಿ ಜಗಳ!

ಇನ್ನೊಂದು ವಿಷಯ ಬರೆಯಲೇಬೇಕು. ಕೆನ್ನೆಯ ಹುಣ್ಣು ಹೊರಗೆ ಒಡೆದಿತ್ತು. ವಾಸನೆ. ಎಷ್ಟೆಂದರೆ ಮೊಮ್ಮಕ್ಕಳು ಚಾವಡಿಯಿಂದ ಈಚೆ ಬರುತ್ತಿರಲಿಲ್ಲ. ಅಮ್ಮನಿಗೆ ಅದು ಗೊತ್ತಾಗುತ್ತಿತ್ತು, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಸಿಸ್ಟರ್ ಮೆಟ್ರೊನಿಡಜೋಲ್ ಗುಳಿಗೆ ಪುಡಿ ಮಾಡಿ ಹುಣ್ಣಿನ ಮೇಲೆ ಹಾಕುವುದನ್ನು ತೋರಿಸಿಕೊಟ್ಟಳು. ಹೊಟ್ಟೆ ಕೆಟ್ಟಾಗ ಕೊಡುವ ಅದೇ ಮಾಮೂಲಿ ಗುಳಿಗೆ. ಒಂದು ವಾರದಲ್ಲಿ ವಾಸನೆ ಬಹಳ ಕಡಿಮೆಯಾಯಿತು. ಕಿರಿಯ ಮೊಮ್ಮಗಳು ಅಜ್ಜಿಯ ಮಂಚದ ಮೇಲೆ ಕೂತು ಚೆನ್ನೆಮಣೆ ಆಡಿದಳು. ಅಮ್ಮ ಅಷ್ಟು ದಿನ ಸಾವು ಕೇಳಿದ್ದರಲ್ಲಿ ನೋವು ಎಷ್ಟು, ಈ ವಾಸನೆಯ ನಾಚಿಕೆ ಎಷ್ಟು ಅಂತ ನನಗೆ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಸೆಪ್ಟೆಂಬರಿನಲ್ಲಿ ಅಮ್ಮ ಮನೆಯಲ್ಲೇ ಹೋದಳು. ತುಳಸಿ ನೀರು ಬಿಟ್ಟೆವು.

ಎಲ್ಲರ ನೋವೂ ನಾಲ್ಕಾಣೆಗೆ ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಯಾವ ಮದ್ದಿಗೂ ಬಗ್ಗದ ನೋವು ಇರುತ್ತದೆ ಅಂತ ಸಿಸ್ಟರೇ ಹೇಳಿದ್ದಾಳೆ. ಕೆನಡಾದಲ್ಲಿರುವ ನನ್ನ ಮಗ ಅಲ್ಲಿಯ ಕಾನೂನಿನ ಪರ. ನನ್ನ ದೇಹ, ನನ್ನ ನಿರ್ಧಾರ ಅನ್ನುತ್ತಾನೆ. ಅವನ ಮಾತು ತಪ್ಪು ಅನ್ನಲು ನನ್ನಲ್ಲಿ ಉತ್ತರವಿಲ್ಲ. ಆದರೆ ಅವನು ಅಂಚೆ ಹಂಚಿದವನಲ್ಲ. ನಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ನನ್ನ ಬೀಟಿನ ಒಂದು ಮನೆಯಲ್ಲಿ ಮೂವತ್ತು ದಾಟಿದ ಮಗ ಹುಟ್ಟಿದಾಗಿನಿಂದ ಚಾಪೆಯಲ್ಲೇ ಇದ್ದಾನೆ. ಎತ್ತಿ ಸ್ನಾನ ಮಾಡಿಸುವ ತಾಯಿಗೆ ಅರವತ್ತೈದು. ಎಂಡೋಸಲ್ಫಾನ್ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು. ಅದಕ್ಕೂ ಜನ ಮತ್ತೆ ಕೋರ್ಟಿಗೆ ಅಲೆಯಬೇಕಾಯಿತು. ಆ ತಾಯಿಗೆ ನೆಂಟರು ಸುಮ್ನೆ ಬಾಯಿಮಾತಿಗೆ "ದೇವರು ಬೇಗ ಕರೆದುಕೊಂಡರೆ ಸಾಕು" ಅನ್ನುವುದನ್ನು ನಾನೇ ಕೇಳಿದ್ದೇನೆ. ಅವಳು ನನ್ನ ಹತ್ತಿರ ಕೇಳಿದ್ದು ಒಂದೇ, ನನ್ನ ನಂತರ ಇವನಿಗೆ ಯಾರು ಅಂತ. ನಾಳೆ ಇಂಜೆಕ್ಷನ್‌ಗೆ ಕಾನೂನು ಬಂದರೆ ನೆಂಟರ ಆ ಬಾಯಿಮಾತಿಗೆ ಸರಕಾರಿ ಮುದ್ರೆ ಬೀಳುತ್ತದೆ ಅಂತ ನನಗೆ ಭಯ. ಮಗನಿಗೆ ಇದನ್ನು ಫೋನಿನಲ್ಲಿ ಹೇಳಿದರೆ, ಅಲ್ಲಿ ಅದಕ್ಕೆಲ್ಲ ನಿಯಮ ಇದೆ ಅನ್ನುತ್ತಾನೆ. ಇಲ್ಲೂ ನಿಯಮಕ್ಕೇನು ಬರಗಾಲವಿಲ್ಲ.

ಲಿವಿಂಗ್ ವಿಲ್ ಮಾತ್ರ ನನಗೆ ಬೇಕು. 2018ರ ನಿಯಮದ ಪ್ರಕಾರ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸುಲಭ ಮಾಡಿದ್ದಾರೆ. ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಒಂದು ಪ್ರತಿ ಪಂಚಾಯತಿಗೆ. ಸಮಯ ಬಂದಾಗ ಆಸ್ಪತ್ರೆಯ ಡಾಕ್ಟರುಗಳ ಒಂದು ಮಂಡಳಿ, ಜಿಲ್ಲಾ ವೈದ್ಯಾಧಿಕಾರಿ ಸೂಚಿಸಿದ ಡಾಕ್ಟರು ಇರುವ ಇನ್ನೊಂದು ಮಂಡಳಿ, ಎರಡೂ ಒಪ್ಪಬೇಕು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕ ಅರ್ಜಿ ಬರೆದದ್ದು ಆಗ ಪತ್ರಿಕೆಗಳಲ್ಲಿ ಬಂತು. ಆ ಅರ್ಜಿಗಳನ್ನು ಯಾರೋ ಒಬ್ಬ ಅಂಚೆಯವನು ಹೊತ್ತಿರುತ್ತಾನೆ.

ನನ್ನ ತೊಡಕು ಗಡಿಯದ್ದು. ನನ್ನ ಕಾಗದ ಇರುವುದು ಕೇರಳದ ಪಂಚಾಯತಿನಲ್ಲಿ. ನನ್ನನ್ನು ಎತ್ತಿಕೊಂಡು ಹೋಗುವುದು ಕರ್ನಾಟಕದ ಆಸ್ಪತ್ರೆಗೆ. ರಾತ್ರಿ ಎರಡು ಗಂಟೆಗೆ ಅಲ್ಲಿಯ ಡಾಕ್ಟರು ಇಲ್ಲಿಯ ಪಂಚಾಯತಿಗೆ ಫೋನ್ ಮಾಡಿ ಕೇಳುತ್ತಾರಾ? ನಾನು ನೋಡಿದ ನಮೂನೆ ಇಂಗ್ಲಿಷಿನಲ್ಲಿ, ಇನ್ನೊಂದು ಮಲಯಾಳದಲ್ಲಿ. ಹತ್ತಿರದ ನೋಟರಿ ಇಂಥದ್ದನ್ನು ಈವರೆಗೆ ಮಾಡಿಲ್ಲ ಅಂದರು. ಆಸ್ತಿಯ ವಿಲ್ ಅಂದುಕೊಂಡು, ಸರ್ವೆ ನಂಬರ್ ಎಲ್ಲಿ ಅಂತ ಕೇಳಿದರು.

ಕೊನೆಗೆ ನಾನೇ ಕನ್ನಡದಲ್ಲಿ ಒಂದೂವರೆ ಪುಟ ಬರೆದಿದ್ದೇನೆ. ಮೊದಲ ಸಾಲು, ನನಗೆ ನೋವಿನ ಮದ್ದು ಸಾಕಷ್ಟು ಕೊಡಿ. ಎರಡನೇ ಸಾಲು, ಬಾಯಿಗೆ ನೀರು ಬಿಡುವಷ್ಟು ಜಾಗ ಬಿಡಿ. ಆಮೇಲೆ ವೆಂಟಿಲೇಟರ್ ಇತ್ಯಾದಿ. ಹೆಂಡತಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪಂಚಾಂಗ ತೂಗುವ ಮೊಳೆಗೇ ಸಿಕ್ಕಿಸಿದ್ದಾಳೆ. ಒಬ್ಬ ಸಾಕ್ಷಿಯ ಸಹಿ ಆಗಿದೆ. ಎರಡನೆಯವರು ನೆರೆಮನೆಯವರು, ನನ್ನ ಬಾಲ್ಯದ ಗೆಳೆಯ. ಅಪಶಕುನ ಮಾರಾಯ, ಬೇರೆ ಯಾರನ್ನಾದರೂ ನೋಡು ಅಂತ ತಪ್ಪಿಸಿಕೊಂಡು ತಿರುಗುತ್ತಿದ್ದಾನೆ.

ಸಂಪಾದಕರೇ, ದಯಾಮರಣದ ಪರ ವಿರೋಧ ಪತ್ರಗಳಿಗೆ ಕೊಡುವ ಜಾಗದಲ್ಲಿ ಒಂದು ದಿನ ಲಿವಿಂಗ್ ವಿಲ್‌ನ ಕನ್ನಡ ನಮೂನೆಯನ್ನು ವಕೀಲರಿಂದ ಸರಿ ನೋಡಿಸಿ ಅಚ್ಚು ಹಾಕಿ, ಕತ್ತರಿಸಿ ಇಟ್ಟುಕೊಳ್ಳುವ ಹಾಗೆ. ಅದರ ಹಿಂದಿನ ಮಗ್ಗುಲಲ್ಲಿ ಜಾಹೀರಾತು ಬೇಡ. ನಮ್ಮಲ್ಲಿ ಸಹಿ ಎರಡೂ ಕಡೆ ಹಾಕುತ್ತಾರೆ.

— ನಿವೃತ್ತ ಅಂಚೆಯವನು
ಪೆರ್ಲ ಸಮೀಪ, ಕಾಸರಗೋಡು ಜಿಲ್ಲೆ