ಅಕ್ಕ ಫೋನ್ ಇಡಲಿಲ್ಲ

ಕಳೆದ ಸೋಮವಾರ ನನಗೆ 50 ತುಂಬಿತು. ಶಾಲೆಯಲ್ಲಿ ಹುಡುಗರು ಬೋರ್ಡ್ ಮೇಲೆ ದೊಡ್ಡದಾಗಿ 50 ಅಂತ ಬರೆದು, ಪಕ್ಕದಲ್ಲಿ ಒಂದು ಮಿನಾರ್ ಬಿಡಿಸಿದ್ದರು. ಒಂದೇ ಮಿನಾರ್. ಬೀದರಿನ ಮಕ್ಕಳಿಗೆ ಮದರಸಾ ಅಂದರೆ ಹಂಗೇ, ಒಂದು ನಿಂತಿರಬೇಕು, ಇನ್ನೊಂದು ಬಿದ್ದಿರಬೇಕು.

ಅವತ್ತು ಬಂದ ಮೆಸೇಜ್‌ಗಳಿಗೆ ಒಬ್ಬೊಬ್ಬರಿಗೇ ಉತ್ತರ ಬರೆಯಲು ಕೂತೆ. ಮುಗಿಯಲಿಲ್ಲ. ಎಲ್ಲರದ್ದೂ ಎರಡೇ ಪ್ರಶ್ನೆ. ಸಮರ್ಕಂದ್ ಹೆಂಗಿತ್ತು? ಅಲ್ಲಿಂದ ಬಂದ ಮೇಲೆ ನೀವು ಬೇರೆ ಥರ ಕಾಣ್ತೀರಲ್ಲ, ಏನು ವಿಷಯ? ಮೊದಲನೆಯದಕ್ಕೆ ಫೋಟೋಗಳಿವೆ. ಎರಡನೆಯದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಏಳು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಆ ಎಂಟು ತಿಂಗಳು, ಹೈದರಾಬಾದಿನ ಓಡಾಟ, ಕೊನೆಯ ವಾರ. ಮತ್ತೆ ಹೇಳುವುದಿಲ್ಲ. ಈ ಉಜ್ಬೇಕಿಸ್ತಾನ್ ಪ್ರವಾಸದ ಮಟ್ಟಿಗೆ ಹೇಳುವುದಾದರೆ, ರಜೆ ಮಂಜೂರು ಮಾಡಿಸಿದ ಹೆಡ್‌ಮಾಸ್ಟರ್ ಸರ್, ಇ-ವೀಸಾ ಫಾರ್ಮ್ ತುಂಬಿಕೊಟ್ಟ ಹಳೆಯ ವಿದ್ಯಾರ್ಥಿ, ನನ್ನ ಪೀರಿಯಡ್‌ಗಳನ್ನು ತಗೊಂಡ ವಿಜ್ಞಾನದ ಟೀಚರ್, ವಿಮಾನ ನಿಲ್ದಾಣದ ತನಕ ಕಾರಿನಲ್ಲಿ ಬಿಟ್ಟುಬಂದ ಪಕ್ಕದ ಮನೆಯವರು, 'ಅಷ್ಟು ದುಡ್ಡಿನಲ್ಲಿ ಕಾಶಿ ಆಗ್ತಿತ್ತಲ್ಲ' ಅಂದರೂ ಬಾಗಿಲಿಗೆ ಬಂದು ಕೈ ಬೀಸಿದ ಓಣಿಯವರು, ಎಲ್ಲರ ಉಪಕಾರ ನನ್ನ ಮೇಲಿದೆ. ಟಿಕೆಟ್ ಬುಕ್ ಮಾಡಿ ಆಮೇಲೆ ನನಗೆ ಹೇಳಿದ ಮಗಳಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಉಳಿದದ್ದೆಲ್ಲ ಅಕ್ಕನಿಗೆ. ಅಕ್ಕ ಅಂದರೆ ನನ್ನ ಗಂಡನ ಅಕ್ಕ, ನನ್ನ ದೊಡ್ಡ ನಾದಿನಿ. 'ಬರೀ, ಆದರ ನನ್ನ ಹೆಸರು ಹಾಕಬ್ಯಾಡ, ಊರೂ ಹಾಕಬ್ಯಾಡ' ಅಂದಿದ್ದಾರೆ. ಹಾಕುವುದಿಲ್ಲ.

ಮೊದಲು ಸಮರ್ಕಂದ್ ಯಾಕೆ ಅಂತ ಹೇಳಿಬಿಡುತ್ತೇನೆ. 22 ವರ್ಷದಿಂದ ಪ್ರತಿ ವರ್ಷ ಮಕ್ಕಳನ್ನು ಸಾಲು ಹಿಡಿಸಿ ಮಹಮೂದ್ ಗಾವಾನ್ ಮದರಸಾಕ್ಕೆ ಕರೆದುಕೊಂಡು ಹೋಗುವವಳು ನಾನು. ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದವನು ಬಹಮನಿ ರಾಜ್ಯದ ಮಂತ್ರಿಯಾದ, 1472ರಲ್ಲಿ ಇದನ್ನು ಕಟ್ಟಿಸಿದ, 1481ರಲ್ಲಿ ಸುಳ್ಳು ಪತ್ರದ ಮೇಲೆ ತಲೆ ಕಳೆದುಕೊಂಡ. 1696ರಲ್ಲಿ ಒಳಗಿದ್ದ ಮದ್ದಿನಪುಡಿ ಸಿಡಿದು ಅರ್ಧ ಕಟ್ಟಡ ಹೋಯಿತು. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಒಬ್ಬ ಹುಡುಗ ಕೇಳೇ ಕೇಳುತ್ತಾನೆ, 'ಟೀಚರ್, ಪೂರ್ತಿ ಇದ್ದಾಗ ಹೆಂಗಿತ್ತು?' ಸಮರ್ಕಂದ್, ಖುರಾಸಾನ್ ಕಡೆಯ ಮದರಸಾಗಳ ಹಂಗೆ ಅಂತ ಪುಸ್ತಕ ನೋಡಿ ಹೇಳುತ್ತಿದ್ದೆ. ನಾನೇ ನೋಡಿರಲಿಲ್ಲ.

ನೋಡಿದೆ. ರೆಗಿಸ್ತಾನ್ ಚೌಕದಲ್ಲಿ ಮೂರು ಮದರಸಾ ಮುಖಾಮುಖಿ ನಿಂತಿವೆ. ಅದರಲ್ಲಿ ತೈಮೂರನ ಮೊಮ್ಮಗ ಉಲೂಗ್ ಬೇಗ್ ಕಟ್ಟಿಸಿದ್ದು 1417ರಿಂದ 1420ರ ನಡುವೆ, ನಮ್ಮದಕ್ಕಿಂತ 50 ವರ್ಷ ಹಳೆಯದು. ನಮ್ಮ ಮಿನಾರಿನ ಮೇಲೆ ಅಲ್ಲಲ್ಲಿ ಉಳಿದ ನೀಲಿ ಹೆಂಚು ಇದೆಯಲ್ಲ, ಅದು ಗೋಡೆ ತುಂಬಾ, ಆಕಾಶದ ತನಕ. ಅರ್ಧ ಬಿದ್ದ ಕಟ್ಟಡ, ಅರ್ಧ ಬಿದ್ದ ಹೆಂಗಸು, ಪೂರ್ತಿ ಆದಳು ಅಂತ ನಾನು ಬರೆಯುತ್ತೇನೆ ಅಂತ ಕಾಯುತ್ತಿದ್ದೀರೇನೋ. ಇಲ್ಲ. ನಮ್ಮ ಮದರಸಾ ಅರ್ಧ ಇದ್ದೇ ಚೆಂದ ಇದೆ. ಅಲ್ಲಿ ನಿಂತಾಗ ನನಗೆ ಹಿಮ್ಮಡಿ ನೋಯುತ್ತಿತ್ತು, ಚಹಾ ಬೇಕಿತ್ತು, ಅಷ್ಟೇ.

ಆದದ್ದು ಅದೇ ದೇಶದ ಇನ್ನೊಂದು ಊರು ಬುಖಾರಾದಲ್ಲಿ. ಅಲ್ಲೊಂದು ದೊಡ್ಡ ಇಟ್ಟಿಗೆಯ ಮಿನಾರ್, 1127ರದ್ದು, 45 ಮೀಟರಿಗಿಂತ ಜಾಸ್ತಿ ಎತ್ತರ. ಅದರ ಹೆಸರು ಕಲ್ಯಾಣ್! ಬಸವಕಲ್ಯಾಣದ ಸೊಸೆ ನಾನು, ನಗು ತಡೆಯಲಿಲ್ಲ. ಅವರಲ್ಲಿ ಆ ಮಾತಿಗೆ ದೊಡ್ಡದು ಅಂತ ಅರ್ಥ. ಮಾತಿನ ವಿಷಯದಲ್ಲಿ ನನಗೆ ಪರದೇಶ ಅನಿಸಲೇ ಇಲ್ಲ. ಬಜಾರ್, ದರ್ವಾಜಾ, ಹೌಜ್, ಅನಾರ್, ಆಸ್ಮಾನ್, ಎಲ್ಲ ನಮ್ಮ ಓಣಿಯಲ್ಲಿ ದಿನಾ ಕೇಳುವವೇ. ಸಬ್ಜಿ ಮಾತ್ರ ಕೈಕೊಟ್ಟಿತು. ಕೇಳಿದೆ, ಬರೀ ಗಜ್ಜರಿ ತಂದಿಟ್ಟರು. ಅಲ್ಲಿ ಸಬ್ಜಿ ಅಂದರೆ ಗಜ್ಜರಿಯಂತೆ. ಥ್ಯಾಂಕ್ಸ್ ಅನ್ನುವುದಕ್ಕೆ ರಹಮತ್.

ಆ ಮಿನಾರಿನ ಹತ್ತಿರ ಹೆಂಗಸರಿಗಂತಲೇ ಒಂದು ಹಳೆಯ ಹಮ್ಮಾಮ್, ಅಂದರೆ ಹಬೆ ಸ್ನಾನದ ಮನೆ, ಇದೆ. ಗೆಸ್ಟ್‌ಹೌಸಿನ ಹುಡುಗಿ ಬಲವಂತ ಮಾಡಿ ಕಳಿಸಿದಳು. ಒಳಗೆ ಅರೆಗತ್ತಲು, ಹಬೆ, ಬೆಚ್ಚಗಿನ ಕಲ್ಲು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ದಪ್ಪ ತೋಳಿನ ಒಬ್ಬ ಹೆಂಗಸು ನನ್ನನ್ನು ಕಲ್ಲಿನ ಮೇಲೆ ಬೋರಲು ಮಲಗಿಸಿ ತಿಕ್ಕಲು ಶುರು ಮಾಡಿದರು. ಬಾಣಂತನದಲ್ಲಿ ನಮ್ಮವ್ವ ಹಾಗೆ ತಿಕ್ಕಿ ಎರೆದಿದ್ದಳು. ಆಮೇಲೆ ಶುಂಠಿ ಅರೆದದ್ದನ್ನು ಮೈಗೆಲ್ಲ ಹಚ್ಚಿದರು. ಉರಿ ಅಂದರೆ ಉರಿ.

ಏಳು ವರ್ಷದಲ್ಲಿ ನನ್ನ ಮೈ ಮುಟ್ಟಿದವರು ಇಬ್ಬರು. ಅಳತೆ ತಗೊಳ್ಳುವ ಟೇಲರ್, ಬಿಪಿ ನೋಡುವ ನರ್ಸ್. ಬೆನ್ನಿನ ನಡುವೆ ಒಂದು ಜಾಗ ಇರುತ್ತದೆ ನೋಡಿ, ಮೇಲಿಂದ ಕೈ ಹಾಕಿದರೂ ಎಟುಕುವುದಿಲ್ಲ, ಕೆಳಗಿಂದ ಹಾಕಿದರೂ ಎಟುಕುವುದಿಲ್ಲ. ಆ ಹೆಂಗಸಿನ ಅಂಗೈ ಅಲ್ಲಿಗೆ ಬಂದು ನಿಂತಿತು. ಅಷ್ಟೇ. ನನಗೆ ಅಳು ಬಂತು. ದುಃಖಕ್ಕಲ್ಲ. ಆ ಜಾಗ ಇನ್ನೂ ಇದೆ ಅಂತ ಗೊತ್ತಾಗಿದ್ದಕ್ಕೆ. ಅವರು ಏನೂ ಕೇಳಲಿಲ್ಲ, ಒಂದು ಬಟ್ಟಲು ನೀರು ತುಂಬಿ ಮುಖದ ಮೇಲೆ ಸುರಿದರು. ಅಳುವುದು ಯಾವುದು, ನೀರು ಯಾವುದು ಅಂತ ಯಾರಿಗೂ ತಿಳಿಯಲಿಲ್ಲ. ಅವರ ಹೆಸರು ಕೇಳದೇ ಬಂದೆ. ರಹಮತ್.

ಅವತ್ತು ಸಂಜೆ ಬಜಾರಿನಲ್ಲಿ ಕೆಂಪು ರೇಷ್ಮೆ ತಗೊಂಡೆ. ಅಲ್ಲಿಯ ಇಕತ್ ಬಟ್ಟೆ, ಅದರ ಬಣ್ಣ ಅಂಚಿನಲ್ಲಿ ಒಂದರೊಳಗೊಂದು ಕದಡಿಕೊಂಡ ಹಂಗಿರುತ್ತದೆ. ಏಳು ವರ್ಷ ಬೂದಿ, ಬಿಳಿ, ತಿಳಿ ಹಸಿರು ಬಿಟ್ಟು ಬೇರೆ ಉಟ್ಟಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ನಾನೇ. ಕೋಣೆಗೆ ಬಂದು ಅದನ್ನು ಸುಮ್ನೆ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದೆ. ರೇಷ್ಮೆ ಮೊದಲು ತಣ್ಣಗಿರುತ್ತದೆ, ಆಮೇಲೆ ನಮ್ಮದೇ ಬಿಸಿ ತಗೊಳ್ಳುತ್ತದೆ. ಇದು ನನಗೆ 49ನೇ ವಯಸ್ಸಿನಲ್ಲಿ ಗೊತ್ತಾಯಿತು ಅಂದರೆ ನಗಬೇಡಿ.

ಈಗ ಬರೆಯಬಾರದು ಅಂತ ನಾಲ್ಕು ಜನ ಹೇಳಿದ್ದನ್ನು ಬರೆಯುತ್ತೇನೆ.

ಗೆಸ್ಟ್‌ಹೌಸಿನವರ ಸಂಬಂಧಿ ಒಬ್ಬರಿದ್ದರು, ನನ್ನ ಓರಗೆಯವರು, ಅವರೂ ಮೇಷ್ಟ್ರು. ಸೀಮೆಸುಣ್ಣ ಹಿಡಿದ ಬೆರಳು ನನಗೆ ದೂರದಿಂದಲೇ ಗೊತ್ತಾಗುತ್ತದೆ. ಲಬಿ ಹೌಜ್ ಅಂತ ಊರ ನಡುವೆ ಒಂದು ಕೊಳ, ಸುತ್ತ ಮೆಟ್ಟಿಲು, ದಂಡೆಯ ಮೇಲೆ ನೂರಾರು ವರ್ಷದ ಹಿಪ್ಪುನೇರಳೆ ಮರಗಳು. ಎರಡು ಸಂಜೆ ಅಲ್ಲಿ ಕೂತು ಚಹಾ ಕುಡಿದೆವು. ಅರ್ಧ ಇಂಗ್ಲಿಷ್, ಅರ್ಧ ಉರ್ದು, ಉಳಿದದ್ದು ನಗು. ಮೆಟ್ಟಿಲು ಇಳಿಯುವಾಗ ಕೈ ಕೊಟ್ಟರು. ಇಳಿದ ಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಮೂರನೇ ಸಂಜೆ ಓಣಿಯ ತಿರುವಿನಲ್ಲಿ ನಾನೇ ಮುಖ ಮುಂದೆ ಮಾಡಿದೆ. ಅವರಲ್ಲ, ನಾನು. ನಾಳೆ ಯಾರಾದರೂ 'ಪಾಪ, ಮೋಸ ಹೋದಳು' ಅನ್ನಬಾರದು ನೋಡಿ, ಅದಕ್ಕೇ ಬಿಡಿಸಿ ಬರೆದೆ.

ಅವರ ಬಗ್ಗೆ ಇಷ್ಟು ಸಾಕು. ಮುಂದೇನು ಅಂತ ಕೇಳಬೇಡಿ.

ಕೋಣೆಗೆ ಬಂದು ಬಾಗಿಲು ಹಾಕಿದೆ. ಮೊದಲ ಹತ್ತು ನಿಮಿಷ ಹದಿನೆಂಟರ ಹುಡುಗಿ ಹಂಗೆ ನಗುತ್ತಿದ್ದೆ. ಆಮೇಲೆ ಮುಖ ತೊಳೆಯಲು ವಾಚ್ ಬಿಚ್ಚಿದೆ. ನಿಮಗೆ ಗೊತ್ತಲ್ಲ, ನಾನು ಕಟ್ಟುವುದು ಇವರ ವಾಚ್, ಕೀಲಿ ಕೊಡುವ ಎಚ್‌ಎಂಟಿ. ಉಜ್ಬೇಕಿಸ್ತಾನ್ ನಮಗಿಂತ ಅರ್ಧ ಗಂಟೆ ಹಿಂದೆ. ಮೊಬೈಲ್ ತಾನೇ ಬದಲಾಯಿತು, ವಾಚನ್ನು ನಾನು ಬದಲಾಯಿಸಿರಲಿಲ್ಲ. ಅವತ್ತು ಕೀಲಿ ಕೊಡುವುದನ್ನೂ ಮರೆತಿದ್ದೆ. ನಿಂತು ಹೋಗಿತ್ತು. ಏಳು ವರ್ಷದಲ್ಲಿ ಒಮ್ಮೆಯೂ ನಿಂತಿರಲಿಲ್ಲ.

ಆಮೇಲೆ ನನಗೇನಾಯಿತು ಅಂತ ಹೇಳಲು ಬರುವುದಿಲ್ಲ. ನೆಲದ ಮೇಲೆ ಕೂತೆ. ಕೈಕಾಲು ನಡುಗುತ್ತಿತ್ತು. ನಾನು ಕೊಳಕಾಗಿದ್ದೇನೆ, ಇನ್ನು ಆ ಮನೆಗೆ ಕಾಲಿಡಬಾರದು, ಆ ಫೋಟೋಗೆ ವಿಭೂತಿ ಹಚ್ಚಬಾರದು ಅನಿಸಿತು. ಮಗಳಿಗೆ ಫೋನ್ ಮಾಡಲಾಗಲಿಲ್ಲ. ಗೆಳತಿಯರಿಗೂ ಇಲ್ಲ. ರಾತ್ರಿ ಒಂದು ಗಂಟೆಗೆ ಅಕ್ಕನಿಗೆ ಮಾಡಿದೆ. ಯಾಕೆ ಅಕ್ಕನಿಗೆ? ಬೈಯಲಿ ಅಂತ. ತಮ್ಮನನ್ನು ಕಳೆದುಕೊಂಡವರು ಅವರು. ಬೈಯುವ ಹಕ್ಕು ಇರುವುದು ಅವರಿಗೇ ಅನಿಸಿತು.

ಒಂದೇ ರಿಂಗಿಗೆ ಎತ್ತಿದರು. ಹೇಳಿದೆ. ಎಲ್ಲ ಹೇಳಿದೆ. ಆ ಕಡೆ ಫ್ಯಾನ್ ತಿರುಗುವ ಸಪ್ಪಳ ಮಾತ್ರ. ಬಹಳ ಹೊತ್ತಾದ ಮೇಲೆ ಕೇಳಿದರು.

'ಉಂಡೀ?'

ಇಲ್ಲ ಅಂದೆ.

'ರೊಟ್ಟಿ ಉಳಿದಾವಿಲ್ಲ? ತಗೋ. ನಾ ಇಲ್ಲೇ ಕುಂತೀನಿ.'

ಹೊರಡುವಾಗ ಅಕ್ಕ 40 ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದರು. ಆರು ಉಳಿದಿದ್ದವು, ನಾಲ್ಕು ಮುರಿದದ್ದು. ಬುಖಾರಾದಲ್ಲಿ ನಡುರಾತ್ರಿ ನೆಲದ ಮೇಲೆ ಕೂತು ರೊಟ್ಟಿ ಕಡಿದೆ. ಸಪ್ಪಳ ಅವರಿಗೆ ಕೇಳುತ್ತಿತ್ತು. 'ಹಿಂಡಿ ಹಚ್ಚಿಕೋ' ಅಂದರು.

ಆಮೇಲೆ ಹೇಳಿದರು, 'ನನಗ ಸಿಟ್ಟು ಬಂದದ ಖರೆ. ನಮ್ಮ ತಮ್ಮನ ನೆನಪಾಯ್ತು. ಸ್ವಲ್ಪ ಹೊತ್ತು ಸಿಟ್ಟು ಇರ್ತದ, ಇರಲಿ. ನೀ ಫೋನ್ ಇಡಬ್ಯಾಡ.' ಇಷ್ಟು ನೆಟ್ಟಗೆ ನನ್ನ ಜೊತೆ ಯಾರೂ ಮಾತಾಡಿರಲಿಲ್ಲ. ಸಮಾಧಾನ ಹೇಳಿದ್ದರೆ ನಾನು ಇನ್ನೂ ಕುಸಿಯುತ್ತಿದ್ದೆ.

ಕಾಲ್ ಕಟ್ಟಾಗುತ್ತಿತ್ತು, ಮತ್ತೆ ಅವರೇ ಮಾಡುತ್ತಿದ್ದರು. ಆಮೇಲೆ ನೋಡಿದರೆ 11 ಸಲ. ನಡುವೆ ಇಬ್ಬರೂ ಸುಮ್ಮನಿದ್ದದ್ದೇ ಜಾಸ್ತಿ. ಅವರ ಕಡೆ ಮೂರೂವರೆ ಆಗಿರಬೇಕು, ದನಿ ತಗ್ಗಿಸಿ, ಪಕ್ಕದಲ್ಲಿ ಮಲಗಿದವರಿಗೆ ಕೇಳಬಾರದು ಅನ್ನುವ ಹಂಗೆ ಕೇಳಿದರು:

'ಹೆಂಗಿತ್ತು?'

ನನಗೆ ತಿಳಿಯಲಿಲ್ಲ. ಏನಕ್ಕ ಅಂದೆ.

'ಕೈ ಹಿಡದು ಮೆಟ್ಟಲ ಇಳಿಸಿದ ಅಂದಿಯಲ್ಲ, ಅದು. 38 ವರ್ಷ ಆಯ್ತು ನನ್ನ ಲಗ್ನ ಆಗಿ. ನನಗ ಯಾರೂ ಹಂಗ ಇಳಿಸಿಲ್ಲ. ಹೆಂಗನಸ್ತದ, ಹೇಳು.'

ನಾನು ಹೇಳಲು ನೋಡಿದೆ. ಅಂಗೈ ಒರಟಿತ್ತು ಅಂದೆ. ಕಲ್ಲು ನುಣುಪಾಗಿತ್ತು, ಬೀಳುವ ಹೆದರಿಕೆ ಇರಲಿಲ್ಲ ಅಂದೆ. ಹೊಟ್ಟೆಯಲ್ಲಿ ಏನೋ ಒಂದು ಬೆಚ್ಚಗೆ ಕದಲಿತು ಅಂದೆ. ಮಾತು ಸಾಲಲಿಲ್ಲ. ಅವರು ಹೂಂ, ಹೂಂ ಅನ್ನುತ್ತಿದ್ದರು, ಕಥೆ ಕೇಳುವ ಮಕ್ಕಳ ಹಂಗೆ. ಹೇಳುತ್ತಾ ಹೇಳುತ್ತಾ ನನ್ನ ನಡುಕ ಯಾವಾಗ ನಿಂತಿತೋ ಗೊತ್ತಿಲ್ಲ. ಆಗ ಅವರು ಅತ್ತರು. ಯಾರಿಗಾಗಿ ಅತ್ತರು, ತಮ್ಮನಿಗೋ, ತಮಗೋ, ನಾನು ಕೇಳಲಿಲ್ಲ. ನಾನೂ ಫೋನ್ ಇಡಲಿಲ್ಲ.

ಬೆಳಿಗ್ಗೆ ಅವರ ಅಂಗಳದಲ್ಲಿ ಹಾಲಿನವನ ಗಾಡಿ ಸಪ್ಪಳ ಕೇಳಿತು. 'ಏಳು, ಮೈ ತೊಳಕೋ. ವಾಚಿಗಿ ಕೀಲಿ ಕೊಡು' ಅಂದು ಇಟ್ಟರು. ಕೊಟ್ಟೆ. ಸಮಯ ಸರಿ ಮಾಡುವಾಗ ಯಾವ ದೇಶದ್ದು ಇಡಲಿ ಅಂತ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಅಲ್ಲಿಯದ್ದೇ ಇಟ್ಟೆ. ಇನ್ನೂ ಮೂರು ದಿನ ಅಲ್ಲಿರಬೇಕಿತ್ತಲ್ಲ.

ಇದನ್ನೆಲ್ಲ ಹಾಕುವ ಮೊದಲು ಅಕ್ಕನಿಗೆ ಫೋನಿನಲ್ಲೇ ಓದಿ ಹೇಳಿದೆ. ಒಂದು ಮಾತು ತೆಗಿ ಅಂದರು, ತೆಗೆದಿದ್ದೇನೆ. 'ಹೆಂಗಿತ್ತು' ಅಂದದ್ದನ್ನು ತೆಗೆಯಲಾ ಅಂತ ನಾನೇ ಕೇಳಿದೆ. ತುಸು ತಡೆದು, 'ಇರಲಿ ಬಿಡು. ಯಾರಿಗಿ ಗೊತ್ತಾಗ್ತದ ನಾನು ಅಂತ' ಅಂದರು. ಅಕ್ಕಾ, ನಮ್ಮ ಬಳಗಕ್ಕೆಲ್ಲ ಗೊತ್ತಾಗುತ್ತದೆ. ನಿಮಗೂ ಅದು ಗೊತ್ತು.

ಕೆಂಪು ರೇಷ್ಮೆ ನೋಡಿದ ದಿನ ಅವರು ಅಂದದ್ದು, 'ಅರ್ಧ ನನಗ ಇಡು, ಮಂದಿ ಕೇಳಿದರ ಸೊಸಿ ತಂದಾಳ ಅಂತೀನಿ.' ಇಬ್ಬರಿಗೂ ಒಂದೊಂದು ಜಂಪರ್ ಆಯಿತು. ನನ್ನದನ್ನು ಹುಟ್ಟುಹಬ್ಬಕ್ಕೆ ಹಾಕಿದ್ದೆ, ನೀವು ನೋಡಿದ್ದೀರಿ. ಅಕ್ಕನದ್ದು ತೋಳಿನಲ್ಲಿ ಬಿಗಿಯಂತೆ. ಒಳಗೆ ಬಟ್ಟೆ ಬಿಡಿಸಿಯೇ ಹೊಲಿಸಿದ್ದೇನೆ. ಭಾನುವಾರ ಬರುತ್ತಾರೆ, ಹೊಲಿಗೆ ಬಿಚ್ಚಿ ಕೊಡಬೇಕು.