ಬಿಸಿಲೇರುವ ಮೊದಲು

ಪ್ರೀತಿಯ ಪುಟ್ಟಿ,

ಗುರುವಾರ ನೀನು ಸೇಶೆಲ್ಸ್ ದೇಶದ ಮಾಹೆಗೆ ಹೊರಡುತ್ತೀ, ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆಯ ಅಲ್ದಾಬ್ರಾ ಎಂಬ ಹವಳದ್ವೀಪಗಳ ಗುಂಪಿಗೆ, ಆಮೆಗಳ ಕೆಲಸದ ಮೇಲೆ. (ಅಜ್ಜಿ ಇನ್ನೂ ಕೇರಳ ಕರಾವಳಿಯ ಮಾಹೆ ಎಂದೇ ತಿಳಿದಿದ್ದಾರೆ, ಹಾಗೇ ಇರಲಿ.) ಭಾನುವಾರ ಊಟದ ಹೊತ್ತಿಗೆ ಆಡಿದ ಮಾತೆಲ್ಲ ಇಬ್ಬರಿಗೂ ನೆನಪಿದೆ, ಮತ್ತೆ ಎತ್ತುವುದಿಲ್ಲ.

ನನ್ನ ದಿಗಿಲು ಒಂದೇ, ಬಿಸಿಲು. ಅಲ್ಲಿ ಸುಮಾರು ಒಂದು ಲಕ್ಷ ದೈತ್ಯ ಆಮೆಗಳಿವೆ. ಅವುಗಳಲ್ಲಿ ಹೆಚ್ಚಿನವು ಗ್ರಾಂಡ್ ತೇರ್ ದ್ವೀಪದಲ್ಲಿ. ಅದರ ಆಗ್ನೇಯ ಕರಾವಳಿಯಲ್ಲಿ ಮೇವು ಧಾರಾಳ, ಮರ ಕಡಿಮೆ. ಆಮೆ ಬೆವರುವುದಿಲ್ಲ, ಓಡಲಾರದು. ಬೆಳಗ್ಗೆ ಮೇಯಲು ಹೋದದ್ದು ಬಿಸಿಲೇರುವ ಮೊದಲು ನೆರಳು ಸೇರಬೇಕು. ಎರಡು ಬಾಯಿ ಹುಲ್ಲಿನ ಆಸೆಗೆ ಮುಂದೆ ಹೋಯಿತೋ, ಹಿಂದಿರುಗುವ ದಾರಿಯಲ್ಲೇ ಮೈ ಕಾದು ಸಾಯುತ್ತದೆ. ಮಧ್ಯಾಹ್ನ ಒಂದೊಂದು ಮರದ ಬುಡದಲ್ಲಿ ಹತ್ತಾರು ಆಮೆಗಳು ಒತ್ತಿಕೊಂಡು ಕೂತಿರುವುದು ಅದಕ್ಕೇ. ಯಾರೋ ತಂದುಬಿಟ್ಟ ಮೇಕೆಗಳು ಆ ನೆರಳಿನ ಗಿಡಗಳನ್ನೇ ತಿನ್ನುತ್ತಿದ್ದವು. ಅವುಗಳನ್ನು ಪೂರ್ತಿ ತೆಗೆದುಹಾಕುವ ಹೊತ್ತಿಗೆ 2012 ಆಯಿತು.

ಮಗುಚಿ ಬಿದ್ದ ಆಮೆಯ ಪಾಡು ಇನ್ನೂ ಕಷ್ಟ. ಶ್ವಾಸಕೋಶ ಬೆನ್ನುಚಿಪ್ಪಿಗೆ ಅಂಟಿಕೊಂಡಿರುತ್ತದೆ. ಅಂಗಾತ ಬಿದ್ದರೆ ಹೊಟ್ಟೆಯ ಭಾರವೆಲ್ಲ ಅದರ ಮೇಲೆ, ಜೊತೆಗೆ ಬಿಸಿಲು. ಕಂಡರೆ ಒಬ್ಬಳೇ ಕೈಹಾಕಬೇಡ, ದೊಡ್ಡ ಗಂಡು ನೂರು ಕೆಜಿ ದಾಟುವುದುಂಟು. ತಲೆ ಬಾಲದ ದಿಕ್ಕಿಗಲ್ಲ, ಪಕ್ಕಕ್ಕೆ ಹೊರಳಿಸಬೇಕು. ಒಬ್ಬರು ಚಿಪ್ಪಿನ ಅಂಚು ಎತ್ತಿದರೆ ಇನ್ನೊಬ್ಬರು ಇಳಿಯುವ ಕಡೆ ತಡೆದು ನಿಧಾನಕ್ಕೆ ಇಳಿಸಬೇಕು. ಧಡಕ್ಕನೆ ಬಿಟ್ಟರೆ ಚಿಪ್ಪು ಬಿರುಕು ಬಿಡಬಹುದು, ಹೆಣ್ಣಾದರೆ ಹೊಟ್ಟೆಯಲ್ಲಿ ಮೊಟ್ಟೆಯೂ ಇರಬಹುದು. ಕಾಲಿಗೂ ಚಿಪ್ಪಿಗೂ ನಡುವಿನ ಸಂದಿಗೆ ಬೆರಳು ಹಾಕಬೇಡ. ಹೆದರಿ ಕಾಲು ಒಳಗೆ ಎಳೆದುಕೊಂಡರೆ ಬೆರಳು ಜಜ್ಜಿಹೋಗುತ್ತದೆ. ನೆಟ್ಟಗಾದ ಮೇಲೆ ನೆರಳಿನ ಕಡೆ ಮುಖ ಮಾಡಿಬಿಡು.

ಇಷ್ಟೆಲ್ಲ ಆಮೆಯ ವಿಷಯ ಎಂದುಕೊಂಡೆಯಾ? ನಿನಗೂ ಅದೇ ಬಿಸಿಲು. ಅಲ್ಲಿನವರು ಶಾಂಪಿನ್ಯೋ ಎನ್ನುವ ಹವಳದ ಸುಣ್ಣಕಲ್ಲು ಗರಗಸದ ಹಾಗೆ ಕೊರೆದುಕೊಂಡಿರುತ್ತದೆ, ನಡುನಡುವೆ ಗುಂಡಿ ಬೇರೆ. ಗಟ್ಟಿ ಅಟ್ಟೆಯ ಬೂಟು, ದಪ್ಪ ಕೈಗವಸು ಬೇಕೇ ಬೇಕು. ಮೂಗಿನಿಂದಲೇ ನೀರು ಹೀರಬಲ್ಲ ಆಮೆಗೆ ಬಂಡೆಯ ಕುಳಿಯಲ್ಲಿ ನಿಂತ ನೀರು ಸಾಕಾಗುತ್ತದೆ, ನಿನಗೆ ಸಾಲದು. ದಿನಕ್ಕೆ ನಾಲ್ಕು ಲೀಟರ್ ಹೊತ್ತುಕೋ. ಅರ್ಧ ಮುಗಿದ ಕೂಡಲೇ ಹಿಂದಿರುಗು, ಕೆಲಸ ಎಷ್ಟೇ ಬಾಕಿ ಇರಲಿ. ಹೊರಡುವ ಮೊದಲು ಮಧ್ಯಾಹ್ನಕ್ಕೆ ನೆರಳು ಎಲ್ಲಿ ಎಂದು ನೋಡಿಕೋ. ಮತ್ತೆ ಬಿಸಿಲಿಗೇ ಬಂದೆ, ಇರಲಿ.

ಪೆಟ್ಟಿಗೆಯ ವಿಚಾರ. ಹೊರಗಿನ ಬೀಜ, ಮಣ್ಣು ಆ ದ್ವೀಪ ಸೇರಬಾರದು. ಅಮ್ಮ ಹುಣಸೆಹಣ್ಣು ಕಟ್ಟಿದ್ದಾಳೆ. ಬೀಜವಿದ್ದರೆ ಬೇಡ ಎನ್ನು. ಕೊತ್ತಂಬರಿ, ಮೆಂತ್ಯ ಹುರಿದು ಪುಡಿ ಮಾಡಿದ್ದಾದರೆ ಮಾತ್ರ, ಅದನ್ನೂ ಕೇಳಿಕೊಂಡು ಒಯ್ಯಿ. ಸಾಕ್ಸ್ ಒಳಮಗ್ಗುಲು ಮಾಡಿ ನೋಡು, ಉತ್ತರಾಣಿ ಅಂಟಿರುತ್ತದೆ. ಬೂಟಿನ ಅಟ್ಟೆಯ ಮಣ್ಣು ಉಜ್ಜಿ ತೊಳೆ, ವೆಲ್ಕ್ರೋ ಪಟ್ಟಿಯನ್ನು ಸೂಜಿಯಿಂದ ಕೆದಕು. ಇದೇನು ಅತಿ ಎನ್ನಬೇಡ. ನಮ್ಮ ಹಿತ್ತಲಿನ ಕೆಮ್ಮೀಸೆ ಪಿಕಳಾರವನ್ನು ಯಾರೋ ಪಕ್ಕದ ಅಸಂಪ್ಷನ್ ದ್ವೀಪಕ್ಕೆ ತಂದುಬಿಟ್ಟರು. ಅಲ್ದಾಬ್ರಾದ ಹಕ್ಕಿಗಳಿಗೆ ಕುತ್ತು ಬಾರದಿರಲಿ ಎಂದು ಕೊನೆಗೆ ಸಾವಿರಾರು ಪಿಕಳಾರಗಳನ್ನು ಕೊಲ್ಲಬೇಕಾಯಿತು.

ಅಳತೆಗೆ ಹೊಲಿಗೆಯವರ ಮೆದು ಟೇಪು ಇಟ್ಟಿದ್ದೇನೆ. ಚಿಪ್ಪಿನ ಉಬ್ಬಿನ ಮೇಲೆ ಉಕ್ಕಿನ ಟೇಪು ಕೂರುವುದಿಲ್ಲ. ವಯಸ್ಸು ಹೇಳುವ ಆಸೆಗೆ ಬೀಳಬೇಡ, ಬೆಳವಣಿಗೆಯ ಉಂಗುರ ನಂಬಿಕೆಗೆ ಬರುವುದು ಎಳೆಯವುಗಳಲ್ಲಿ ಮಾತ್ರ. ಕೋಲ್ಕತ್ತಾದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ಅದ್ವೈತ ಎಂಬ ಆಮೆ ಕೂಡ ಅಲ್ದಾಬ್ರಾ ಜಾತಿಯದ್ದೇ. ಅದಕ್ಕೆ 250 ದಾಟಿತ್ತು ಎಂದರು, ಸಾಬೀತು ಮಾಡಿದವರಿಲ್ಲ.

1960ರ ದಶಕದಲ್ಲಿ ಬ್ರಿಟಿಷರು ಅಲ್ದಾಬ್ರಾದಲ್ಲಿ ಸೇನಾ ವಿಮಾನ ನೆಲೆ ಕಟ್ಟಹೊರಟಿದ್ದರು. ವಿಜ್ಞಾನಿಗಳ ಕೂಗಾಟಕ್ಕೆ ಖಜಾನೆಯ ಮುಗ್ಗಟ್ಟೂ ಸೇರಿ 1967ರಲ್ಲಿ ಕೈಬಿಟ್ಟರು. ಅಂಥ ಕಡೆ ಕೆಲಸಕ್ಕೆ ನಿನ್ನನ್ನು ಆರಿಸಿದ್ದಾರೆ. ಎದುರಿಗೆ ಹೇಳಲು ಬರುವುದಿಲ್ಲ, ನನಗೆ ಹೆಮ್ಮೆ. ವಿಮಾನ ನಿಲ್ದಾಣಕ್ಕೆ ಬರಲಾಗುವುದಿಲ್ಲ, ಕ್ಷಮಿಸು.

ಪಿಕಾರ್ ದ್ವೀಪದ ಕೇಂದ್ರ ತಲುಪಿದ ಮೇಲೆ ಮೊದಲ ಸಂದೇಶ ಅಮ್ಮನಿಗೆ ಹಾಕು, ನನಗಲ್ಲ. ಅವಳ ಮುನಿಸು ಇಳಿದಿದೆ, ತೋರಿಸಿಕೊಳ್ಳುತ್ತಿಲ್ಲ ಅಷ್ಟೆ. ಆಮೆ ಮಗುಚಿದ ವಿಷಯ ಮಾತ್ರ ಅವಳಿಗೆ ಬರೆಯಬೇಡ.

ಇಂತಿ,
ಅಪ್ಪ