ಸಮೀಕ್ಷೆಯಲ್ಲಿ ಮೀನಿದೆ, ಮೀನುಗಾರ ಎಲ್ಲಿ?

ಮಾನ್ಯ ಸಂಪಾದಕರೇ,

ಕೋಸ್ಟಲ್ ರೋಡ್, ಸೇತುವೆ, ಬಂದರು ಅಂತ ಮುಂಬಯಿ ಕಡಲಿನ ಸುದ್ದಿ ಬಂದಾಗಲೆಲ್ಲ ಒಂದು ವಿಚಿತ್ರ ಕಾಣುತ್ತದೆ. ಪರಿಸರದ ಸುದ್ದಿ ಒಂದು ಪುಟದಲ್ಲಿ, ಕೋಲಿ ಮೀನುಗಾರರ ಪರಿಹಾರದ ಸುದ್ದಿ ಇನ್ನೊಂದು ಪುಟದಲ್ಲಿ. ನೀರು, ಮೀನು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಲೆಕ್ಕ ಹಾಕುವವರು ಬೇರೆ, ಜನರ ಲೆಕ್ಕ ಹಾಕುವವರು ಬೇರೆ. ಎರಡನ್ನೂ ಒಟ್ಟಿಗೆ ನೋಡುವ ವಿದ್ಯೆಯೊಂದಿದೆ, ಮಾನವಶಾಸ್ತ್ರ. ಅದೆಂದರೆ ತಲೆಬುರುಡೆ ಅಳೆಯುವುದು, ಕಾಡಿನ ಜನರ ಮದುವೆ ಪದ್ಧತಿ ಬರೆದುಕೊಳ್ಳುವುದು ಅಂತ ತಿಳಿದವರೇ ನಮ್ಮಲ್ಲಿ ಜಾಸ್ತಿ.

ವರ್ಲಿಯದ್ದನ್ನೇ ನೋಡಿ. ಕೋಸ್ಟಲ್ ರೋಡನ್ನು ಸೀ ಲಿಂಕ್‌ಗೆ ಜೋಡಿಸುವ ಸೇತುವೆಯ ಕಂಬಗಳ ನಡುವೆ ದೋಣಿ ದಾಟಲು 60 ಮೀಟರ್ ಜಾಗ ಬಿಟ್ಟರೆ ಸಾಕು ಎಂದಿತ್ತು ಮೊದಲಿನ ನಕ್ಷೆ. ವರ್ಲಿ ಕೋಲಿವಾಡಾದವರು, ಅಂದರೆ ಅಲ್ಲಿನ ಕೋಲಿ ಮೀನುಗಾರರ ಕೇರಿಯವರು, 160 ಬೇಕು ಅಂತ ಹಟ ಹಿಡಿದರು. ಕೆಲಸ ನಿಂತಿತು. 2022ರ ಕೊನೆಗೆ 120ಕ್ಕೆ ಒಪ್ಪಂದವಾಯಿತು. ದೋಣಿಯ ಅಗಲ ಅಳೆದರೆ 60 ಧಾರಾಳವೇ. ಆದರೆ ಗಾಳಿ, ಸೆಳೆತ ಜೋರಿದ್ದಾಗ ದೋಣಿ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುವುದಿಲ್ಲ. ಎದುರಿನಿಂದ ಇನ್ನೊಂದು ಬಂದರಂತೂ ಕೇಳುವುದೇ ಬೇಡ. ಇದು ಅಲ್ಲಿಂದ ದಿನಾ ಹೊರಡುವವರಿಗೆ ಗೊತ್ತು. ಒಂದು ಮಳೆಗಾಲದಿಂದ ಇನ್ನೊಂದರ ತನಕ ಕೋಲಿವಾಡಾದಲ್ಲೇ ಇದ್ದು, ದೋಣಿಯಲ್ಲಿ ಕೂತು, ಮೀನು ಮಾರುವ ಹೆಂಗಸರ ಜೊತೆ ಮಾರ್ಕೆಟ್ಟಿಗೆ ಹೋಗಿ ಬರೆಯುವ ಮಾನವಶಾಸ್ತ್ರಜ್ಞರಿಗೂ ಗೊತ್ತಾಗುತ್ತದೆ. ಫಾರಂ ತುಂಬಿಸಿಕೊಂಡು ಸಂಜೆಯೊಳಗೆ ಮನೆಗೆ ಹೋಗುವವರಿಗೆ ಗೊತ್ತಾಗುವುದು ಕಷ್ಟ.

ಜೂಲಿಯನ್ ಸ್ಟೀವರ್ಡ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1930ರ ದಶಕದಲ್ಲಿ ಅಲ್ಲಿನ ಒಣ ನೆಲದ ಶೊಶೋನಿ ಎಂಬ ಮೂಲನಿವಾಸಿಗಳ ಬಗ್ಗೆ ಬರೆದರು. ಆಹಾರ ಅಲ್ಲೊಂದು ಇಲ್ಲೊಂದು ಸಿಗುವ ಜಾಗ. ಹಾಗಾಗಿ ವರ್ಷದ ಬಹುಪಾಲು ಒಂದೊಂದು ಕುಟುಂಬವೂ ತನ್ನಷ್ಟಕ್ಕೆ ಅಲೆಯುತ್ತಿತ್ತು. ಮೊಲದ ಬೇಟೆಯಾದರೆ ಉದ್ದನೆಯ ಬಲೆ ಹಿಡಿದು ಹಲವು ಕುಟುಂಬಗಳು ಸೇರುತ್ತಿದ್ದವು. ಆ ಬೇಟೆಗೊಬ್ಬ ನಾಯಕ. ಬೇಟೆ ಮುಗಿದರೆ ಅವನ ಯಜಮಾನಿಕೆಯೂ ಮುಗಿಯಿತು!

ಇದನ್ನು ಓದಿದ ಕರಾವಳಿಯವರಿಗೆ ದಡದಿಂದ ಎಳೆಯುವ ರಂಪಣಿ ಬಲೆ ನೆನಪಾಗದೆ ಇರುತ್ತದೆಯೇ? ಬಲೆಯ ಒಂದು ತುದಿ ದಡದಲ್ಲಿ. ದೋಣಿ ಅರ್ಧ ಸುತ್ತು ಹೊಡೆದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಸಾಲು ನಿಂತು ಹಗ್ಗ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಬಂಗುಡೆಯ ಪಾಲು ಉಂಟು ಎನ್ನುತ್ತಿದ್ದರು ನಮ್ಮಜ್ಜ. ಅಷ್ಟು ಜನ ಬೇಕೆಂದರೆ ಊರಿನವರು ಮಾತು ಬಿಟ್ಟು ಕೂರುವ ಹಾಗಿಲ್ಲ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು, ಅಂದರೆ ಕಡಲಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಯಂತ್ರದ ದೋಣಿಗಳು, ಬಂದವು. ದಡದಲ್ಲಿ ಸಾಲು ನಿಲ್ಲುವವರ ಅಗತ್ಯ ಹೋಯಿತು. ಮೀನಿನ ಲೆಕ್ಕದಲ್ಲಿ ಇದು ಹೆಚ್ಚು ಟನ್ ಅಂತ ಕಾಣುತ್ತದೆ, ಅಷ್ಟೇ.

ಸ್ಟೀವರ್ಡರ ಮಾತೂ ಪೂರ್ತಿ ಸರಿ ಎನ್ನುತ್ತಿಲ್ಲ. ಬಿಳಿಯರು ಬಂದು ನೆಲ ಕಿತ್ತುಕೊಂಡದ್ದಕ್ಕೆ ಅವರು ಸಾಕಷ್ಟು ಗಮನ ಕೊಡಲಿಲ್ಲ ಎಂಬ ಟೀಕೆ ಇದೆ. ನ್ಯಾಯವಾದ ಟೀಕೆ. ಈಗಿನವರು ಅಧಿಕಾರ, ದುಡ್ಡು, ಕಾನೂನು ಎಲ್ಲವನ್ನೂ ಸೇರಿಸಿಯೇ ನೋಡುತ್ತಾರೆ. ಮೀನುಗಾರರೆಲ್ಲ ಕಡಲನ್ನು ಕಾಯುವ ಸಂತರು ಅಂತ ಸುಮ್ನೆ ಹೊಗಳುವುದೂ ಬೇಡ. ಮರಿಮೀನು ಬಾಚುವ ಸಣ್ಣ ಕಣ್ಣಿನ ಬಲೆ ಬಿಡುವವರು ನಮ್ಮವರಲ್ಲೂ ಇದ್ದಾರೆ ಅಲ್ವಾ?

ಪತ್ರಿಕೆಗೆ ಒಂದು ಕೋರಿಕೆ. ರಂಪಣಿ ಎಳೆದು ಆಮೇಲೆ ಮುಂಬಯಿಗೆ ಬಂದ ಹಿರಿಯರು ಇಲ್ಲಿನ ಉಪನಗರಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಮಾತಾಡಿಸಿ ವಾರಕ್ಕೊಂದು ಬರಹ ಹಾಕಿ. ಯಾವ ಮೀನು ಎಷ್ಟು ಸಿಗುತ್ತಿತ್ತು ಎಂದಷ್ಟೇ ಕೇಳಬೇಡಿ. ಪಾಲು ಹೇಗೆ ಹಂಚುತ್ತಿದ್ದರು, ಜಗಳ ಬಂದರೆ ಯಾರ ಮಾತು ನಡೆಯುತ್ತಿತ್ತು, ಪರ್ಸೀನ್ ಬಂದ ಮೇಲೆ ಯಾರ್ಯಾರು ಊರು ಬಿಟ್ಟರು, ಇದನ್ನೆಲ್ಲ ಕೇಳಿ. ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡರೆ ಒಳ್ಳೆಯದು. ಮನೆ ಹುಡುಕಿಕೊಡುವ ಕೆಲಸಕ್ಕೆ ನಾನು ತಯಾರಿದ್ದೇನೆ.

ಇತಿ,
ನಿಮ್ಮ ಓದುಗ,
ಅಂಧೇರಿ, ಮುಂಬಯಿ